ತಲೆಬಲೆಗೆ ಬಿದ್ದ ಮೊದಲ ಜೀವ

ಮೊದಲು ಬೈಗುಳ, ಆಮೇಲೆ ಕಥೆ. ನಮ್ಮ ಕಲ್ಲುಬಾರೆಯ ವಾಟ್ಸಾಪ್ ಗುಂಪಿನಲ್ಲಿ ಕೂತು “ಅಜ್ಜನಿಗೆ ವಯಸ್ಸಾಯಿತು, ಹೇಳಿದ್ದೆಲ್ಲ ನಂಬಬೇಡಿ” ಎಂದು ಬರೆದವನು ಯಾರೆಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಅವನ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆ ಹೋದದ್ದು, ಅವನ ಮಾವ ಪಂಕ್ತಿಯ ನಡುವೆ ಸಿಟ್ಟಿನಿಂದ ಎದ್ದದ್ದು, ಎದ್ದವನು ಎಡಗಾಲಿಗೆ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದದ್ದು, ಇಷ್ಟೂ ನೆನಪಿರುವ ನನಗೆ ಮೂರು ವರ್ಷದ ಹಿಂದಿನ ಸಂಕ್ರಾಂತಿ ಮರೆತೀತೇ? ನಿನ್ನೆ ಏನು ಉಂಡೆ ಎಂದು ಕೇಳಬೇಡಿ. ಅದು ನೆನಪಿಡುವಂಥದ್ದಲ್ಲ, ಮುದ್ದೆ. ಈಗ ಫೋನಿನ ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದಿದ್ದೇನೆ. ಬೆರಳು ಜಾರಿದರೆ ಕಥೆ ಅಲ್ಲಿಗೇ ತುಂಡಾಗುತ್ತದೆ. ಮುಂದಿನ ತುಂಡಿಗೆ ಕಾಯಬೇಕು. ನಡುವೆ ಯಾರೂ ಹೂವಿನ ಚಿತ್ರ ಕಳಿಸಕೂಡದು.

ಗಂಟಲು ಸರಿಮಾಡಿಕೊಂಡೆ. ಕೇಳಿ.

ಎಲೈ ಯುಗಗಳನ್ನು ಜರಡಿಯಾಡುವ ಕಾಲಪುರುಷನೇ! ಎಲೈ ಕಂಟಕಕಿರೀಟಧಾರಿಯೂ ಶಿಲಾಖಂಡಕವಚಿತನೂ ನಿರ್ಜಲನಿರ್ಭೀತನೂ ಆದ ಕಲ್ಲುಬಾರೆಯ ಬೋಳುಗುಡ್ಡವೇ! ಎಲೈ ಗುಡ್ಡದ ತಪ್ಪಲಲ್ಲಿ ಅಂಗೈಯಗಲದ ಗುಡಿ ಕಟ್ಟಿಸಿಕೊಂಡು ತೃಪ್ತನಾದ ರಂಗನಾಥಸ್ವಾಮಿಯೇ! ನನ್ನ ನಾಲಿಗೆಗೆ ಬಲವನ್ನೂ, ಅದನ್ನು ಕಾವಲು ಕಾಯುತ್ತಿರುವ ಕೊನೆಯ ನಾಲ್ಕು ಹಲ್ಲುಗಳಿಗೆ ಸ್ಥಿರತೆಯನ್ನೂ ಅನುಗ್ರಹಿಸು. ಮನುಷ್ಯನು ಹಂದಿಗೆ ಹೆದರಿ, ಹಂದಿಯು ಪಟಾಕಿಗೆ ಹೆದರಿ, ಪಟಾಕಿ ಹಚ್ಚಿದವನು ಪೊಲೀಸರಿಗೆ ಹೆದರಿ, ಪೊಲೀಸರಾದಿಯಾಗಿ ಸಮಸ್ತರೂ ಅರಣ್ಯ ಇಲಾಖೆಯ ಕಾಗದಕ್ಕೆ ಹೆದರುತ್ತಿದ್ದ ಆ ಘೋರ ಯುಗದಲ್ಲಿ, ನಿರ್ಭಯನಾಗಿ ಬಲೆ ಹೆಗಲಿಗೇರಿಸಿದ ಮಹಾವೀರನೊಬ್ಬನಿದ್ದನು. ಶುಷ್ಕಾರಣ್ಯಸಂಚಾರಚತುರನೂ, ಚತುಃಪುರುಷಪರಂಪರಾಗತಜಾಲಾಧಿಪತಿಯೂ, ಶಶಕಕುಲಭಯಂಕರನೂ, ವಾತಪೀಡಿತವಾಮಜಾನುವಿಭೂಷಿತನೂ ಆದ ಜಡಿಯಪ್ಪನೆಂಬವನು. ಅಂದರೆ ನಾನು. ಕೊನೆಯ ಬಿರುದಿಗೆ ಎಡಮೊಣಕಾಲು ನೋವು ಎಂದು ಅರ್ಥ.

ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಅವರ ಗಂಡಂದಿರೂ ಈ ಗುಂಪಿನಲ್ಲಿರುವುದರಿಂದ ನಮ್ಮ ಪದ್ಧತಿಯನ್ನು ಬಿಡಿಸಿ ಹೇಳಬೇಕು. ಸಂಕ್ರಾಂತಿಯ ದಿನ ನಾವು ಬಾರೆಯ ಮೇಲೆ, ಅಂದರೆ ಈ ಬೋಳುಗುಡ್ಡದ ಮೇಲೆ, ಬಲೆ ಒಡ್ಡಿ ಮೊಲ ಹಿಡಿಯುತ್ತಿದ್ದೆವು. ಕೊಲ್ಲುವುದಕ್ಕಲ್ಲ. ಬಲೆಯ ಸಮೇತ ರಂಗನಾಥನ ಮುಂದೆ ತಂದು, ಮೂರು ಕೊಡ ನೀರು ಹಾಕಿ, ಹಣೆಗೆ ನಾಮವಿಟ್ಟು, ಕಿವಿಗೊಂದು ಬೆಳ್ಳಿಯ ಮುರುವು ತೊಡಿಸಿ, ಊರಬಾಗಿಲ ಕಲ್ಲಿನ ಹತ್ತಿರ ಬಿಡುವುದು. ಅದು ಯಾವ ದಿಕ್ಕಿಗೆ ಓಡುತ್ತದೋ ಆ ದಿಕ್ಕಿನ ಹೊಲಗಳಿಗೆ ಆ ವರ್ಷ ಒಳ್ಳೆಯ ಮಳೆ. ಸಾಲಾಗಿ ಒಡ್ಡುವ ಬಲೆಗಳಲ್ಲಿ ಮೊದಲನೆಯದು ತಲೆಬಲೆ. ಅದು ನಮ್ಮ ಮನೆತನದ್ದು. ತಲೆಬಲೆಗೆ ಮೊದಲು ಬಿದ್ದ ಜೀವ ಯಾವುದೇ ಇರಲಿ, ಮರ್ಯಾದೆ ಅದಕ್ಕೇ. ನಮ್ಮ ತಾತನ ಕಾಲದಲ್ಲಿ ಮೊಲದ ಬದಲು ಮುಂಗುಸಿ ಬಿತ್ತು. ಅದಕ್ಕೂ ನಾಮ ಹಾಕಿದರು. ಹಾಕಿದವರಿಬ್ಬರನ್ನು ಅದು ಕಚ್ಚಿತು, ಆದರೆ ಪದ್ಧತಿ ಮುರಿಯಲಿಲ್ಲ.

ಬಲೆಯ ಯಜಮಾನನೇ ಮೊಲವನ್ನು ಬಿಡಬೇಕು. ನಾನು ಯಜಮಾನನಾದ ಹನ್ನೊಂದು ವರ್ಷವೂ ಮೊಲ ಪಡುವಣಕ್ಕೇ ಓಡಿತು. ಪಡುವಣದಲ್ಲಿ ನನ್ನ ಹೊಲವಿದೆ. ಮೂಡಣದಲ್ಲಿ ಓಬಳಯ್ಯನ ಹೊಲವಿದೆ. ದೈವಸಂಕಲ್ಪವೆಂದು ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಓಬಳಯ್ಯ ನನ್ನ ಓರಗೆಯವನು, ಎರಡನೆಯ ಬಲೆಯವನು, ಆಜನ್ಮವೈರಿ. ಅವನು ತಲೆಯಾಡಿಸುತ್ತಿರಲಿಲ್ಲ.

ಹಬ್ಬಕ್ಕೆ ಒಂದು ವಾರವಿತ್ತು. ಅರಳಿಕಟ್ಟೆಯ ಮೇಲೆ ಊರು ಸೇರಿತ್ತು. ಆಗ ಧೂಳಿಧೂಸರಿತದ್ವಿಚಕ್ರರಥಾರೂಢೆಯಾಗಿ, ಖಾಕಿವಸ್ತ್ರಪರಿಶೋಭಿತೆಯಾಗಿ, ಹಸ್ತದಲ್ಲಿ ನೋಟೀಸೆಂಬ ಬ್ರಹ್ಮಾಸ್ತ್ರವನ್ನು ಧರಿಸಿದವಳಾಗಿ ಫಾರೆಸ್ಟ್ ಮೇಡಂ ನೀಲಾ ಕಮ್ಮಾರ ಬಂದಿಳಿದಳು. ಗದಗದ ಕಡೆಯ ಹೆಣ್ಣುಮಗಳು. ನನ್ನ ಮೊಮ್ಮಗಳ ವಯಸ್ಸು.

“ಅಜ್ಜಾರ, ಈ ಸರ್ತಿ ಮೊಲ ಹಿಡಿಯಂಗಿಲ್ರಿ. ಕಾನೂನಿನಾಗ ಅದು ಬ್ಯಾಟಿ ಆಗ್ತೈತಿ.”

“ಬೇಟೆ ಅಂದ್ರೆ ಕೊಲ್ಲಾದು ಕಣಮ್ಮ. ನಾವೇನು ಕೊಲ್ತೀವಾ? ನೀರು ಹುಯ್ದು, ನಾಮ ಇಕ್ಕಿ, ಮದುವೆ ಗಂಡಿನಂಗೆ ಸಿಂಗಾರ ಮಾಡಿ ಬಿಡ್ತೀವಿ.”

“ಹಿಡಿಯೂದು, ಅಟ್ಟೂದು, ಬಲಿ ಒಡ್ಡೂದು, ಹಂಗ ಮಾಡಾಕ ಪ್ರಯತ್ನ ಮಾಡೂದು, ಎಲ್ಲಾ ಬ್ಯಾಟಿನ ರೀ.”

ಓಬಳಯ್ಯ ಬೀಡಿ ಬಾಯಿಂದ ತೆಗೆದ. “ಅಟ್ಟಾದೂ ಬೇಟೆನಾ ಮೇಡಂ? ಹಂಗಾರೆ ಇವನ ಹೆಂಡ್ತಿ ಪುಟ್ಟೀರಮ್ಮನ ಮೇಲೆ ಕೇಸ್ ಹಾಕಿ. ದಿನಾ ಬೆಳಿಗ್ಗೆ ಈ ಪ್ರಾಣೀನ ಮನೆಯಿಂದ ಆಚೆಗೆ ಅಟ್ತಾಳೆ.”

ಕಟ್ಟೆ ನಕ್ಕಿತು. ನಾನು ಎದ್ದು ನಿಂತೆ. ನಿಂತು, ಮೀಸೆಯ ಮೇಲೆ ಕೈಯಿಟ್ಟು, ದಿಗಂತವು ಕಂಪಿಸುವಂತೆ ಹೀಗೆ ನುಡಿದೆ: “ಎಲೌ ರಾಜಶಾಸನಧಾರಿಣಿ! ಶೇಂಗಾಕ್ಷೇತ್ರಗಳನ್ನು ಪಾತಾಳದವರೆಗೆ ಉತ್ತು ನಾಶಗೈಯುವ ವರಾಹಸೈನ್ಯವನ್ನು ಕಂಡೂ ಕಾಣದಂತಿರುವ ನಿನ್ನ ಇಲಾಖೆಯು, ವರ್ಷಕ್ಕೊಮ್ಮೆ ಸತ್ಕಾರವನ್ನು ಪಡೆದು ಸ್ವಸ್ಥಾನಕ್ಕೆ ಮರಳುವ ಏಕಮಾತ್ರ ಶಶಕದ ಕುರಿತು ಕಣ್ಣೀರ್ಗರೆಯುವುದು ನ್ಯಾಯವೇ?” ಇದೆಲ್ಲ ಈಗ ಹೊಳೆದ ಮಾತು. ಆ ದಿನ ನನ್ನ ಬಾಯಿಂದ ಬಂದದ್ದು “ಹಂದಿ ಕೇಳಕ್ಕೆ ಬರಲ್ಲ, ಮೊಲ ಕೇಳಕ್ಕೆ ಬತ್ತೀಯ?” ಎಂದಷ್ಟೇ. ಹೇಳುವಾಗ ಸ್ವಲ್ಪ ಉಗುಳೂ ಹಾರಿತು.

“ಹಂದಿದು ಅರ್ಜಿ ಕೊಡ್ರಿ ಅಜ್ಜಾರ. ಪರಿಹಾರ ಬರ್ತೈತಿ.”

“ಕೊಟ್ಟಿದ್ದೆ. ಆ ಅರ್ಜಿ ಎಲ್ಲಿಗೆ ಹೋಯ್ತೋ ಕಾಣೆ. ಅದನ್ನೂ ಹಂದಿ ತಿಂತೋ ಏನೋ.”

ಈ ಬಾರಿ ಕಟ್ಟೆ ನನ್ನ ಪರವಾಗಿ ನಕ್ಕಿತು. ನೀಲಾ ಮಾತ್ರ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮೆಲ್ಲಗೆ ಕೇಳಿದಳು: “ಹ್ವಾದ ವರ್ಷ ಬಿಟ್ಟ ಮೊಲ ಆಮ್ಯಾಲೆ ಏನಾತು? ಯಾರರ ಹೋಗಿ ನೋಡೀರೇನ್ರಿ?”

ಯಾರೂ ನೋಡಿರಲಿಲ್ಲ. ಓಡಿದ್ದನ್ನು ಕಂಡಿದ್ದೆವು. ಓಡಿದ ಮೇಲೆ ನಾವು ಅವರೆಕಾಯಿ ಸಾರಿಗೆ ಮನೆಗೆ ಹೋಗಿದ್ದೆವು.

ಅವಳು ಜೇಬಿನಿಂದ ಒಂದು ಸಣ್ಣ ಬೆಳ್ಳಿಯ ಮುರುವನ್ನು ತೆಗೆದು ಅಂಗೈಮೇಲಿಟ್ಟಳು. “ಹಬ್ಬದ ಮರುದಿನ ಗಸ್ತಿಗೆ ಬಂದಿದ್ದೆ. ಆಗ ನಂದು ಈ ಕಡೆ ಹೊಸಾ ಡ್ಯೂಟಿ. ಊರಬಾಗಲದಿಂದ ಒಂದು ಕೂಗಳತಿ ದೂರ, ತಂಗಡಿ ಗಿಡದ ಬುಡಕ ಸತ್ತು ಬಿದ್ದಿತ್ತು. ಮೈಮ್ಯಾಲೆ ಒಂದು ಗಾಯ ಇರಲಿಲ್ಲ. ಅಂಜಿ ಎದಿ ಒಡಕೊಂಡಿತ್ರಿ. ಕಿವ್ಯಾಗ ಇದಿತ್ತು.”

ಅದು ನಾನೇ ತೊಡಿಸಿದ ಮುರುವು. ಅಕ್ಕಸಾಲಿ ಹಾಕಿದ ಮೂರು ಗೆರೆ ಕಾಣುತ್ತಿತ್ತು. ನಾನು ಆಕಾಶ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಓಬಳಯ್ಯ ನುಗ್ಗಿದ. “ಪೇಟೆಲಿ ಬಿಳಿ ಮೊಲ ಸಿಗ್ತಾವೆ. ಸಾಕಿದ್ದು. ಕಾನೂನಿಗೂ ಅಡ್ಡಿಯಿಲ್ಲ, ಕಾಡಿಗೂ ಅಡ್ಡಿಯಿಲ್ಲ. ನಾನು ತತ್ತೀನಿ. ಆದ್ರೆ ತಂದೋನೇ ಬಿಡಾದು, ತಂದೋಂದೇ ಯಜಮಾನ್ಕೆ.”

ಕೇಳಿದಿರಾ ಕಪಟಿಯ ಮಾತನ್ನು? ನಾಲ್ಕು ತಲೆಮಾರಿನ ಆಧಿಪತ್ಯವನ್ನು ಬುಟ್ಟಿಯ ಮೊಲವೊಂದಕ್ಕೆ ಕಿತ್ತುಕೊಳ್ಳುವ ಹುನ್ನಾರ! ಊರು ತಲೆಯಾಡಿಸತೊಡಗಿತ್ತು. ನಾನು ತಡೆಯಲಾರದೆ ಅರಚಿದೆ: “ಸಂಕ್ರಾಂತಿ ದಿನ ದೀಪ ಹಚ್ಚೋ ಹೊತ್ತಿಗೆ ನನ್ನ ಬಲೆಗೆ ಬಿದ್ದ ಜೀವ ರಂಗಪ್ಪನ ಮುಂದೆ ಇರ್ತೈತೆ. ಇಲ್ದಿದ್ರೆ ತಲೆಬಲೆ ಓಬಳಯ್ಯಂಗೆ. ಈ ಮೀಸೆ ಬೋಳುಸ್ಕೊಂಡು ಊರು ಸುತ್ತುತೀನಿ.”

“ಎಲ್ರೂ ಕೇಳುಸ್ಕಂಡ್ರಲ್ಲಾ?” ಎಂದ ಓಬಳಯ್ಯ.

“ನಾನೂ ಕೇಳೇನ್ರಿ,” ಎಂದಳು ನೀಲಾ. “ಬಲಿ ಒಡ್ಡಿದ್ರ ಕೇಸ್ ಹಾಕ್ತೀನಿ ಅಜ್ಜಾರ. ಸಿಟ್ಟಿಲೆ ಅಲ್ಲ ಮತ್ತ.”

ಸಂಕ್ರಾಂತಿಯ ಅರುಣೋದಯ. ಸಪ್ತಾಶ್ವರಥಾರೂಢನಾದ ಭಾಸ್ಕರನು ಮಕರವನ್ನು ಪ್ರವೇಶಿಸುತ್ತಿರಲು, ಮಫ್ಲರ್ ಎಂಬ ಶಿರಸ್ತ್ರಾಣವನ್ನು ಬಿಗಿದು, ಜಾಲವನ್ನು ಹೆಗಲಿಗೇರಿಸಿ, ಮೊಣಕಾಲಿಗೆ ಎಣ್ಣೆ ತಿಕ್ಕಿ ನಾನು ರಣರಂಗಕ್ಕೆ ಹೊರಟೆ. “ಮೀಸೆ ಉಳುಸ್ಕಳಕ್ಕೆ ಹೋಗಿ ಮಂಡಿ ಕಳ್ಕಂಡು ಬರ್ಬ್ಯಾಡ,” ಎಂದು ಪುಟ್ಟೀರಮ್ಮ ಹರಸಿ ಕಳಿಸಿದಳು. ಪ್ರತಿವರ್ಷ ಮೂವತ್ತು ಜನ ಬರುತ್ತಿದ್ದ ದಂಡಿನಲ್ಲಿ ಆ ದಿನ ಬಂದವನು ದುಗ್ಗಣ್ಣನೊಬ್ಬನೇ. ಅವನ ಒಂದು ಕಿವಿ ಕೇಳುವುದಿಲ್ಲ, ಎರಡೂ ಕಣ್ಣಿಗೆ ಪೊರೆ. ನೋಟೀಸು ಬಂದದ್ದು ಅವನಿಗೆ ಗೊತ್ತಾಗಿರಲಿಲ್ಲ. ಪೊದೆಯ ಆಚೆಯಿಂದ ತಮಟೆ ಬಡಿದು ಮೊಲ ಎಬ್ಬಿಸುವುದು ಅವನ ಕೆಲಸ. ಬಲೆಯ ಬಳಿ ನಿಲ್ಲುವುದು ನನ್ನದು.

ಬೆಳಗಿನಿಂದ ಮೂರು ಪೊದೆ ಬಡಿದೆವು. ಮೊದಲನೆಯದರಲ್ಲಿ ಗೌಜಲಹಕ್ಕಿಗಳು ಬುರ್ರನೆ ಎದ್ದು ಬಲೆಯ ಮೇಲಿಂದ ಹಾರಿದವು. ಎರಡನೆಯದರಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ನಮ್ಮೂರಿನವನೊಬ್ಬ ಚೊಂಬು ಹಿಡಿದು ಕೂತಿದ್ದ. ಅವನಿಗೆ ಆದ ಗಾಬರಿಗೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಹೊತ್ತು ಇಳಿಯಿತು. ಕೆಳಗೆ ಊರಿನಲ್ಲಿ ಓಬಳಯ್ಯ ಬಿಳಿ ಮೊಲದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಗುಡಿಯ ಮುಂದೆ ಕೂತಿದ್ದಾನೆಂದು ನನಗೆ ಗೊತ್ತಿತ್ತು. ನಾಲ್ಕನೆಯ ಪೊದೆ ತಂಗಡಿಯದು. ಅಲ್ಲಿ ತಲೆಬಲೆ ಕಟ್ಟತೊಡಗಿದೆ. ಮುರುವಿನ ಮೂರು ಗೆರೆ ಕಣ್ಣಿಗೆ ಬಂತು. ಮೀಸೆ ಮುಟ್ಟಿ ನೋಡಿಕೊಂಡೆ, ಗಂಟು ಬಿಗಿದೆ.

“ಅಜ್ಜಾರ, ಬ್ಯಾಡ್ರೀ!” ಬಂಡೆಯ ಮೇಲಿಂದ ದನಿ. ನೀಲಾ! ಎಷ್ಟು ಹೊತ್ತಿನಿಂದ ಹುಡುಕುತ್ತಿದ್ದಳೋ, ಬೆವರಿಳಿಯುತ್ತಿತ್ತು. ಬಲೆ ಕಿತ್ತುಕೊಳ್ಳಲು ಬಂಡೆಯಿಂದ ಇಳಿಯತೊಡಗಿದಳು. ಅವಳು ಇಳಿದು ಮುಟ್ಟುವುದರೊಳಗೆ ದುಗ್ಗಣ್ಣನಿಗೆ ಕೈಬೀಸಬೇಕಿತ್ತು. ಬೀಸಿದೆ. ಅವನಿಗೆ ಕಾಣಲಿಲ್ಲ. ಆದರೆ ಅಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಬೇಸರವಾಗಿ ತಮಟೆ ಬಡಿದ.

ಆಗ ಎದ್ದಿತು! ಪವನವೇಗಗರ್ವಭಂಜಕನೂ, ದೀರ್ಘಕರ್ಣದ್ವಯವಿಜಯಧ್ವಜನೂ, ಪಾಂಸುಧೂಸರಕಂಬಳಧಾರಿಯೂ ಆದ ಶಶಕಚಕ್ರವರ್ತಿಯು ಪೊದೆಯನ್ನು ಸೀಳಿಕೊಂಡು ಎದ್ದಿತು! ಅದರ ಪಾದಾಘಾತಕ್ಕೆ ಭೂಮಿ ನಡುಗಿತು, ದಿಗ್ಗಜಗಳು ಘೀಳಿಟ್ಟವು, ಪಡುವಣ ಸೂರ್ಯನು ಒಂದು ಗಳಿಗೆ ತಡೆದು ನಿಂತನು. ಮೊಲ ಬಲೆಯ ಕಡೆಗೇ ಬರುತ್ತಿತ್ತು. ಇನ್ನು ಹತ್ತು ಮಾರು, ಐದು ಮಾರು. ನನ್ನ ಮನೆತನ, ನನ್ನ ಮೀಸೆ, ನನ್ನ ಪಡುವಣದ ಹೊಲ, ಎಲ್ಲವೂ ಎರಡು ಕಿವಿಗಳ ನಡುವೆ ಕೂತು ನನ್ನತ್ತ ಓಡಿಬರುತ್ತಿದ್ದವು. ಬಲೆಯ ಬುಡದಲ್ಲಿ ಮೊಲ ಗಕ್ಕನೆ ನಿಂತು ಎಡಕ್ಕೆ ತಿರುಗಿತು. ಅಡ್ಡಗಟ್ಟಲು ನಾನು ಎಡಕ್ಕೆ ಹಾರಿದೆ. ಹಾರಿದೆ ಎಂಬುದು ನನ್ನ ಅಭಿಪ್ರಾಯ. ಮೊಣಕಾಲಿನ ಅಭಿಪ್ರಾಯ ಬೇರೆಯಿತ್ತು. ಅದು ಮಡಚಿಕೊಂಡಿತು, ಮೊಲ ನನ್ನ ಕಾಲ ಸಂದಿಯಲ್ಲಿ ನುಸುಳಿತು, ನಾನು ಮುಖಾಡೆಯಾಗಿ ತಲೆಬಲೆಯ ನಟ್ಟನಡುವಿಗೆ ಬಿದ್ದೆ.

ನಮ್ಮ ಬಲೆಯ ಹೆಚ್ಚುಗಾರಿಕೆ ಏನೆಂದರೆ, ಬಿದ್ದದ್ದು ಒದ್ದಾಡಿದಷ್ಟೂ ಬಿಗಿಯುತ್ತದೆ. ನಾನು ಒದ್ದಾಡಿದೆ. ಗೂಟಗಳು ಕಿತ್ತು ಬಲೆಯೆಲ್ಲ ಮೇಲೆ ಬಿತ್ತು. ಕೈ ಅಲುಗದು, ಕಾಲು ಅಲುಗದು. ತಮಟೆಯ ಸದ್ದು ಹತ್ತಿರವಾಗುತ್ತಿತ್ತು. ನೆಲದಿಂದ ಕೇಳಿದರೆ ಆ ಸದ್ದು ಬೇರೆಯೇ ಥರ ಇರುತ್ತದೆ. ಎಂಬತ್ತು ವರ್ಷ ಬಡಿಯುವವರ ಕಡೆಯಿಂದ ಕೇಳಿದ್ದವನು ನಾನು. ಎದೆ ಹಲ್ಲಿನವರೆಗೆ ಬಂದು ಹೊಡೆದುಕೊಳ್ಳುತ್ತಿತ್ತು. ಗಾಯವೇನೂ ಇರಲಿಲ್ಲ. ಗಾಯವಿಲ್ಲದೆಯೂ ಇಲ್ಲೇ ಮುಗಿದುಹೋಗಬಹುದು ಅನ್ನಿಸಿತು. ನಾಲ್ಕು ಮಾರಿನಾಚೆ ಮೊಲ ಕೂತು, ಹಿಂಗಾಲಿನಿಂದ ಕಿವಿ ಕೆರೆದುಕೊಂಡು, ನನ್ನನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಹೋಯಿತು.

ದುಗ್ಗಣ್ಣ ಬಂದವನು ಬಲೆಯಲ್ಲಿ ಏನೋ ದೊಡ್ಡದು ಹೊರಳುವುದನ್ನು ಮಸುಕಾಗಿ ಕಂಡ. “ಬಿತ್ತೂ! ಜೋರಾಗೇ ಬಿತ್ತೂ!” ಎಂದು ತಮಟೆ ಬಡಿಯುತ್ತ ಊರ ಕಡೆಗೆ ಇಳಿದೇ ಹೋದ. ನಾನು ಕೂಗಿದೆ. ಕೇಳದ ಕಿವಿಯ ಕಡೆಯಿಂದ ಕೂಗಿದೆನೋ ಏನೋ.

ನೀಲಾ ಬಳಿ ಕೂತು ಚಾಕು ತೆಗೆದಳು.

“ಕೊಯ್ಯಬ್ಯಾಡ ಕಣಮ್ಮ, ನಾಲ್ಕು ತಲೆಮಾರಿನ ಬಲೆ.”

“ನೀವು ಉಳೀಬೇಕೋ, ಬಲಿ ಉಳೀಬೇಕೋ?”

ನಾನು ಯೋಚಿಸಿದೆ. ಯೋಚನೆ ಮುಗಿಯುವುದರೊಳಗೆ ಊರೇ ಬಂತು. ಮುಂದೆ ತಮಟೆ, ಹಿಂದೆ ಹೆಂಗಸರು, ನಡುವೆ ಬುಟ್ಟಿ ಹಿಡಿದ ಓಬಳಯ್ಯ, ಪಕ್ಕದಲ್ಲಿ ಗುಡಿಯ ಪೂಜಾರಿ. ಬಂದವರು ಬಲೆ ನೋಡಿದರು, ಬಲೆಯೊಳಗೆ ನೋಡಿದರು. ಆಮೇಲೆ ಪೂಜಾರಿ, ಬಹಳ ಯೋಚನೆ ಮಾಡಿದವನಂತೆ, ಕೈ ಅಡ್ಡ ಹಿಡಿದ.

“ಬಿಚ್ಚಬ್ಯಾಡ್ರಿ. ತಲೆಬಲೆಗೆ ಮೊದ್ಲು ಬಿದ್ದಿದ್ದನ್ನ ರಂಗಪ್ಪನ ಮುಂದೆ ಬಿಚ್ಚಾದು ಪದ್ಧತಿ. ಮುಂಗುಸಿಗೆ ಮಾಡೀವಿ, ಇವನಿಗೆ ಮಾಡ್ದಿದ್ರೆ ಹೆಂಗೆ?”

“ಲೇ, ನಾನು ಯಜಮಾನ ಕಣ್ರೋ!” ಎಂದು ನಾನು ಬಲೆಯೊಳಗಿಂದ ಗರ್ಜಿಸಿದೆ.

“ಮೇಡಂ,” ಎಂದು ಓಬಳಯ್ಯ ವಿನಯದಿಂದ ಕೇಳಿದ, “ಇದನ್ನ ಹೊತ್ಕಂಡು ಹೋದ್ರೆ ಬೇಟೆ ಆಯ್ತದಾ? ಇದು ನಿಮ್ಮ ಯಾವ ಪಟ್ಟೀಲೈತೆ?”

ನೀಲಾ ಚಾಕು ಮಡಚಿದಳು. ಮುಖ ಆಚೆ ತಿರುಗಿಸಿದಳು. ಹೆಗಲು ಕುಣಿಯುತ್ತಿತ್ತು. “ಯಾವ ಪಟ್ಟಿನಾಗೂ ಇಲ್ರಿ. ಒಯ್ರಿ.”

ಹೀಗೆ ಶಶಕಕುಲಭಯಂಕರನು ನಾಲ್ವರ ಹೆಗಲ ಮೇಲಿನ ಬಿದಿರ ಗಳುವಿನಿಂದ ತೂಗಾಡುತ್ತ, ತಮಟೆಯ ನಾದದೊಡನೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ರಂಗನಾಥನ ಸನ್ನಿಧಿಯನ್ನು ಸೇರಿದನು. ಪ್ರತಿಜ್ಞೆ ನೆರವೇರಿತ್ತು. ಮೀಸೆ ಉಳಿದಿತ್ತು. ಬಲೆ ಬಿಚ್ಚಿದ ಮರುಗಳಿಗೆಗೆ ಮೂರು ಕೊಡ ನೀರು ತಲೆಯ ಮೇಲೆ ಬಿತ್ತು. ಸಂಕ್ರಾಂತಿಯ ಸಂಜೆ, ಕಲ್ಲುಬಾರೆಯ ಗಾಳಿ, ಬಾವಿಯ ನೀರು! ಮೂರನೆಯ ಕೊಡವನ್ನು ಓಬಳಯ್ಯ ತಾನೇ ಹಾಕಿದ, ನಿಧಾನವಾಗಿ. ಹಣೆಗೆ ನಾಮ ಬಂತು. ಪೂಜಾರಿ ಹೊಸ ಮುರುವಿಗೆ ಕೈಹಾಕಿದಾಗ ನೀಲಾ ಮುಂದೆ ಬಂದು ತನ್ನ ಜೇಬಿನದನ್ನು ಕೊಟ್ಟಳು. “ಇದನ್ನ ಹಾಕ್ರಿ.”

ಪೂಜಾರಿ ನನ್ನ ಮುಖ ನೋಡಿದ. ನಾನು ಕಿವಿ ಒಡ್ಡಿದೆ. ಚಿಕ್ಕಂದಿನಲ್ಲಿ ಚುಚ್ಚಿದ ತೂತು ಹೇಗೂ ಇತ್ತು. ಬೆಳ್ಳಿ ತಣ್ಣಗಿತ್ತು.

ಊರಬಾಗಿಲ ಕಲ್ಲಿನ ಹತ್ತಿರ ಓಬಳಯ್ಯ ನನ್ನ ಎರಡೂ ಭುಜ ಹಿಡಿದ. “ಇವತ್ತು ನಾನು ಬಿಡ್ತೀನಿ. ಹನ್ನೊಂದು ವರ್ಸ ನೋಡೀವ್ನಿ ಕಣೋ ಜಡಿಯ. ನಿನ್ನ ಎಡಗೈ ಕಿರುಬೆಳ್ಳು ಬಾಲದ ಬುಡಕ್ಕೆ ಒತ್ತುತ್ತೆ, ಮೊಲ ಪಡುವ್ಲಕ್ಕೆ ಚಿಮ್ಮುತ್ತೆ. ಹೌದೋ ಇಲ್ವೋ?”

ಹೌದು. ಹನ್ನೊಂದು ವರ್ಷದ ದೈವಸಂಕಲ್ಪ ನನ್ನ ಕಿರುಬೆರಳಿನಲ್ಲಿತ್ತು. ಇಡೀ ಊರ ಮುಂದೆ, ಹಣೆಯಲ್ಲಿ ನಾಮ, ಮೈಯಲ್ಲಿ ನೀರು ಇಟ್ಟುಕೊಂಡು ನಾನು ತಲೆಯಾಡಿಸಿದೆ. ಚಳಿಗೆ ತಲೆ ತಾನಾಗಿಯೇ ಆಡುತ್ತಿತ್ತು, ನಡುವೆ ಇದೂ ಒಂದು ಸೇರಿಕೊಂಡಿತು.

“ಬಿಟ್ಟೆ, ಓಡು,” ಎಂದ. ಭುಜ ಬಿಟ್ಟ. ಒತ್ತಲಿಲ್ಲ, ತಿರುಗಿಸಲಿಲ್ಲ. ಹಾಗೆ ಬಿಟ್ಟದ್ದೇ ನನಗೆ ಕಷ್ಟವಾಯಿತು.

ಆದರೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ: ಪಡುವಣಕ್ಕೇ ಓಡಬೇಕೆಂದು ನಿಶ್ಚಯಿಸಿದ್ದೆ. ವೀರನು ತನ್ನ ಹೊಲವನ್ನು ಬಿಟ್ಟುಕೊಡುವುದುಂಟೇ? ಪಡುವಣಕ್ಕೆ ಒಂದು ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ಮೂಡಣದ ಬೀದಿಯ ಕೊನೆಯಿಂದ, ನಮ್ಮ ಮನೆಯ ಬಾಗಿಲಿಂದ, ಪುಟ್ಟೀರಮ್ಮನ ದನಿ ಬಂತು: “ಬಿಸ್ನೀರು ಕಾದೈತೆ! ಬತ್ತೀಯಾ, ಇಲ್ಲಾ ಒಲೆ ಆರಿಸ್ಲಾ?”

ತ್ರಿಲೋಕವಿಖ್ಯಾತನಾದ ಜಾಲಾಧಿಪತಿಯು ಮೂಡಣಕ್ಕೆ ಓಡಿದನು. ಮೊಣಕಾಲು ನೋವು ನೆನಪಾದದ್ದು ಬಚ್ಚಲಲ್ಲಿ. ಹಿಂದೆ ಊರು ಹೋ ಎಂದು ಕೂಗುತ್ತಿತ್ತು. ಎಲ್ಲರಿಗಿಂತ ಜೋರು ದನಿ ಓಬಳಯ್ಯನದು, ಅದರಲ್ಲಿ ಅಳುವೂ ಇತ್ತೆಂದು ದುಗ್ಗಣ್ಣ ಹೇಳುತ್ತಾನೆ. ಆದರೆ ಅವನ ಕಿವಿಯ ವಿಷಯ ನಿಮಗೆ ಗೊತ್ತು.

ಆ ವರ್ಷ ಮಳೆ ಎರಡೂ ಕಡೆ ಒಂದೇ ಅಳತೆಯಲ್ಲಿ ಬಂತು. ಈ ಸಂಗತಿ ಯಾವುದೂ ಮಳೆಗೆ ತಿಳಿದಂತೆ ಕಾಣಲಿಲ್ಲ. ಬಿಳಿ ಮೊಲ ಓಬಳಯ್ಯನ ಮನೆಯಲ್ಲಿ ದಪ್ಪಗಾಗಿದೆ. ತಲೆಬಲೆ ಗುಡಿಯ ಗೋಡೆಯ ಮೇಲಿದೆ, ಇಳಿಸುವುದಿಲ್ಲ. ನೀಲಾ ಕೇಸು ಹಾಕಲಿಲ್ಲ, ಆದರೆ ಪ್ರತಿ ತಿಂಗಳು ನನ್ನನ್ನು ಬಾರೆಗೆ ಕರೆದೊಯ್ದು ಮೊಲ ಎಣಿಸಲು ಕೂರಿಸುತ್ತಾಳೆ. ಅದು ಅವಳ ಶಿಕ್ಷೆ. ಮೊಲಗಳು ಹೆಚ್ಚಿವೆ. ಹೆಚ್ಚಿದವು ಬಂದು ನನ್ನ ಅವರೆಸಾಲು ಮೇಯುತ್ತಿವೆ. ಅರ್ಜಿ ಕೊಟ್ಟಿದ್ದೇನೆ.

ಅಂದಿನಿಂದ ಸಂಕ್ರಾಂತಿಗೆ ನಾನೇ ಮೊಲ. ಈ ಸಲ ಓಬಳಯ್ಯ ತಾನಾಗಬೇಕೆಂದು ಕಟ್ಟೆಯಲ್ಲಿ ಜಗಳ ತೆಗೆದಿದ್ದಾನೆ. ಮೊಣಕಾಲು ನೋಡಿದರೆ ಕೊಟ್ಟುಬಿಡೋಣ ಅನ್ನಿಸುತ್ತದೆ. ಮೂರನೆಯ ಕೊಡ ನಾನೇ ಹಾಕಬೇಕು, ಅದೊಂದೇ ಷರತ್ತು.

ಇಷ್ಟೇ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಗೊತ್ತಿದ್ದವರಿಗೆಲ್ಲ ಕಳಿಸಿ. ಬಲೆ ಇರುವ ಊರುಗಳಿಗೆ ಮೊದಲು ಕಳಿಸಿ. ಕಳಿಸುವಾಗ ಒಂದು ಸಣ್ಣ ತಿದ್ದುಪಡಿ ಮಾಡಿ: ಮೂಡಣದಿಂದ ನನ್ನನ್ನು ಕರೆದದ್ದು ಸಾಕ್ಷಾತ್ ರಂಗನಾಥನೆಂದು ಹೇಳಿ. ಅಯ್ಯೋ, ಇವಳು ಹಿಂದೆಯೇ ನಿಂತು ಕೇಳುತ್ತಿದ್ದಾಳೆ. ತಿದ್ದುಪಡಿ ಬೇಡವಂತೆ. ನೀರು ಕಾದಿದೆಯಂತೆ. ಬಂದೆ ಕಣೇ, ಬಂದೆ.